ದೊಡ್ಡಮ್ಮನ ಮೇಲೆ ನೀಲಿ ಗುರುತು

ಸೆಪ್ಟೆಂಬರ್ 28

ದೊಡ್ಡಮ್ಮನನ್ನು ಇವತ್ತು ಅಳೆದೆ. ಎದೆಮಟ್ಟದ ಸುತ್ತಳತೆ ಒಂಬತ್ತು ಮೀಟರ್ ಹದಿನಾಲ್ಕು ಸೆಂಟಿಮೀಟರ್. ಎರಡು ಟೇಪು ಜೋಡಿಸಬೇಕಾಯಿತು. ಎತ್ತರ ಐವತ್ತೊಂದು ಮೀಟರ್, ಒಂದು ಮೀಟರ್ ಆಚೀಚೆ. ಈ ಇಳಿಜಾರಿನಲ್ಲಿ ಉಳಿದಿರುವ ದೇವದಾರುಗಳಲ್ಲಿ ಇಷ್ಟು ಹಳೆಯದು ಇನ್ನೊಂದಿಲ್ಲ. ಕಡಿಯುವವರು ಇದನ್ನು ದೊಡ್ಡಮ್ಮ ಎನ್ನುತ್ತಾರೆ. ಅಪ್ಪ ಇದೇ ಶಿಬಿರದಲ್ಲಿ ಅಳತೆಗಾರನಾಗಿದ್ದಾಗಲೂ ಅದೇ ಹೆಸರಿತ್ತು. ಆಗ ನನಗೆ ಒಂಬತ್ತು ವರ್ಷ. ಇದರ ನೆರಳಿನಲ್ಲಿ ಕೂರುತ್ತಿದ್ದೆವು ಎಂಬುದಷ್ಟೇ ನೆನಪು.

ಮಧ್ಯಾಹ್ನ ಗೋಪುರದವನು ಇಳಿದು ಬಂದ. ಬೆಟ್ಟದ ನೆತ್ತಿಯ ಮೇಲೆ ಮರದ ಗೋಪುರವೊಂದಿದೆ. ಕಾಡಿಗೆ ಬೆಂಕಿ ಬಿದ್ದರೆ ಅಲ್ಲಿಂದ ನೋಡಿ ಸುದ್ದಿ ಕೊಡುವುದು ಅವನ ಕೆಲಸ. ವಯಸ್ಸು ಇಪ್ಪತ್ತೆಂಟು, ಒಬ್ಬನೇ ಇರುತ್ತಾನೆ, ಮಾತು ಒರಟು. ಹೊಗೆ ಎಲ್ಲಿ ಎದ್ದಿತೆಂದು ಹೇಳಲು ದೊಡ್ಡಮ್ಮನ ತುದಿಯನ್ನೇ ಗುರಿ ಹಿಡಿದು ಲೆಕ್ಕ ಹಾಕುತ್ತಾನಂತೆ. ಮರ ಕಡಿಯಬೇಡಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡ. ಮೇಸ್ತ್ರಿ ನಕ್ಕ. ಆಗ ಅವನು ಊಟಕ್ಕೆ ಕೂತ ಎಲ್ಲರ ಎದುರಿಗೆ ಹೇಳಿದ:

"ಅದಕ್ಕೆ ಗರಗಸ ಇಟ್ಟೋನು ನೆಟ್ಟಗೆ ಮನೆ ಸೇರಲ್ಲ. ನೋಡ್ತಾ ಇರಿ."

ಗರಗಸ ಇಡುವವನು ನನ್ನ ತಮ್ಮ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಮನೆ ಇಲ್ಲೇ ಅಡುಗೆಮನೆ ಪಕ್ಕ ಇದೆಯಪ್ಪಾ. ನೆಟ್ಟಗೆ ನಲವತ್ತು ಹೆಜ್ಜೆ. ಅಕ್ಕ ಅಳೆದಿಟ್ಟಿದ್ದಾಳೆ. ಅವಳು ಊಟಕ್ಕೆ ಕೂತ್ರೂ ಮೊದಲು ತಟ್ಟೆ ಸುತ್ತಳತೆ ನೋಡೋದು."

ಎಲ್ಲರೂ ನಕ್ಕರು. ಬಡಿಸುತ್ತಿದ್ದ ಅವನ ಹೆಂಡತಿಯೂ ನಕ್ಕಳು. ಆಮೇಲೆ ಅವನು ಅಮ್ಮ ಹೇಳುತ್ತಿದ್ದ ಹಳೆಯ ಮಾತನ್ನೇ ಹೇಳಿದ: "ಹುಟ್ಟಿದ ಮೊದಲ ಆರು ತಿಂಗಳು ಮರಕ್ಕೇ ನೇತಾಡಿದೋನು ನಾನು. ಮರ ನಂಗೇನೂ ಮಾಡಲ್ಲ."

ಸೆಪ್ಟೆಂಬರ್ 29

ನಿಯಮ ಬಾಯಿಪಾಠವಿದೆ, ಆದರೂ ಬರೆಯುತ್ತೇನೆ. ಕಡಿಯುವ ಮುನ್ನಾದಿನ ಅಳತೆಗಾರ್ತಿ ಮರದ ಸುತ್ತ, ಬುಡದಿಂದ ಎರಡಾಳೆತ್ತರದವರೆಗೆ, ಕೂಗುಕೋಲು ಆಡಿಸಬೇಕು. ಒಳಗೆ ಕಬ್ಬಿಣವಿದ್ದರೆ ಕೋಲು ಕೂಗುತ್ತದೆ. ಕೂಗದಿದ್ದರೆ ನೀಲಿ ಗುರುತು ಹಾಕಬೇಕು. ನೀಲಿ ಎಂದರೆ ‘ನಾನು ನೋಡಿದ್ದೇನೆ, ಗರಗಸ ಇಡಬಹುದು’ ಎಂದರ್ಥ.

ಕೋಲಿನ ಬ್ಯಾಟರಿ ಸತ್ತಿದೆ. ಹೊಸದು ಗುರುವಾರದ ಲಾರಿಗೆ ಬರುತ್ತದೆ. ನಾಳೆ ಬುಧವಾರ, ನಾಳೆಯೇ ಕಡಿಯಬೇಕೆಂದು ಮೇಸ್ತ್ರಿಯ ಹಟ. ಸುತ್ತಿಗೆಯಿಂದ ತಟ್ಟಿ ನೋಡಿದೆ. ಮೂರು ಕಡೆ ತಟ್ಟಿದೆ. ನಾಲ್ಕನೆಯ ಕಡೆ ಇಳಿಜಾರು ಕಡಿದಾಗಿತ್ತು, ಮುಳ್ಳುಪೊದೆ ಬೇರೆ. ಸದ್ದು ಎಲ್ಲ ಕಡೆ ಒಂದೇ. ಅಂದರೆ ತಟ್ಟಿದ ಕಡೆಯೆಲ್ಲ ಒಂದೇ.

ನೀಲಿ ಗುರುತು ಹಾಕಿದೆ.

ಸೆಪ್ಟೆಂಬರ್ 30

ತಮ್ಮ ಸತ್ತ. ಬೆಳಗ್ಗೆ ಎಂಟು ನಲವತ್ತು.

ಅಕ್ಟೋಬರ್ 1

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಸರಿಯಾಗಿ ಬರೆಯುತ್ತೇನೆ.

ಬುಡದ ಉಬ್ಬು ತಪ್ಪಿಸಲು ಆಳೆತ್ತರದಲ್ಲಿ ಹಲಗೆ ಕಟ್ಟಿದ್ದರು. ತಮ್ಮ ಹಲಗೆಯ ಮೇಲೆ ನಿಂತು ಮೋಟರ್ ಗರಗಸದಿಂದ ಕೊಯ್ಯುತ್ತಿದ್ದ. ಮೂರರಲ್ಲಿ ಒಂದು ಭಾಗ ಆಗಿತ್ತು. ಇಳಿಜಾರಿನ ಕಡೆ ತಿರುಗಿದ. ಗರಗಸದ ಸದ್ದು ಬದಲಾಯಿತು, ಕಿಡಿ ಹಾರಿತು, ಸರಪಳಿ ಕಿತ್ತುಹೋಯಿತು. ಮೂರು ಹಲ್ಲಿನ ಒಂದು ತುಂಡು ಅವನ ಕೊರಳಿಗೆ, ದವಡೆಯ ಕೆಳಗೆ ಎಡಗಡೆ ಹೊಕ್ಕಿತು. ಅವನು ಬೀಳಲಿಲ್ಲ. ಸುಸ್ತಾದವನಂತೆ ಹಲಗೆಯ ಮೇಲೆ ಕೂತ. ನಾನು ಏಣಿ ಹತ್ತಿ ಅಂಗೈಯಿಂದ ಒತ್ತಿ ಹಿಡಿದೆ. ಬೆರಳುಗಳ ನಡುವಿನಿಂದ ಬಂತು. ಮಾತಾಡಲು ನೋಡಿದ, ಉಸಿರು ಬೇರೆ ದಾರಿಯಿಂದ ಹೊರಟುಹೋಯಿತು. ನಾಲ್ಕು ನಿಮಿಷ. ಕೊಯ್ದ ಗಾಯದಿಂದ ಮರದ ಅಂಟು ಇಳಿಯುತ್ತಿತ್ತು, ಅದೂ ನನ್ನ ಕೈಗೆ ಮೆತ್ತಿತು. ರಕ್ತ ತೊಳೆದರೆ ಹೋಯಿತು, ಅಂಟು ಇನ್ನೂ ಇದೆ.

ಮೇಸ್ತ್ರಿ ಮಧ್ಯಾಹ್ನವೇ ಇನ್ನೊಂದು ಕಡೆಯಿಂದ ಕೊಯ್ದು ದೊಡ್ಡಮ್ಮನನ್ನು ಕೆಡವಿದ. ಬಿದ್ದಾಗ ಅಡುಗೆಮನೆಯ ಪಾತ್ರೆಗಳೆಲ್ಲ ನೆಲಕ್ಕುರುಳಿದವು. ದಿಮ್ಮಿಯ ಬುಡದಲ್ಲಿ ಕಬ್ಬಿಣ ಕಾಣಿಸಿತು, ಹೆಬ್ಬೆರಳು ದಪ್ಪದ ಕೊಕ್ಕೆಮೊಳೆ. ನೆಲದಲ್ಲಿ ಉಳಿದ ಮೋಟಿನ ಮೇಲೆ ಅದರ ಅಚ್ಚು ಉಳಿಯಿತು, ಕಪ್ಪು ಗೀರಿನ ಹಾಗೆ.

ಇವತ್ತು ಬೆಳಗ್ಗೆ ಮಣ್ಣು ಮಾಡಿ ಬಂದೆವು. ಎಲ್ಲರೂ ದಿಮ್ಮಿಯ ಸುತ್ತ ನಿಂತಿದ್ದರು. ಹಲಗೆ, ಏಣಿ ಹೊರುವ ಕುಳ್ಳ ಮೊದಲು ಬಾಯಿ ಬಿಟ್ಟ. ಅವನು ತಮ್ಮನ ಜೀವದ ಗೆಳೆಯ. "ಹಳೇ ಮೊಳೆ ಆಗಿದ್ರೆ ಮರದ ಜೊತೆ ಮೇಲಕ್ಕೆ ಹೋಗಿರ್ಬೇಕಿತ್ತು. ಇದು ಆಳೆತ್ತರದಲ್ಲೇ ಇದೆ. ಮೊನ್ನೆ ಮೊನ್ನೆ ಹೊಡೆದದ್ದು."

ಎಲ್ಲರೂ ತಲೆಯಾಡಿಸಿದರು. ತೂತು ಕೊರೆದು, ಮೊಳೆ ಇಳಿಸಿ, ಮೇಲೆ ಅಂಟು ಮೆತ್ತಿ ಮುಚ್ಚಿದ್ದಾನೆ ಎಂದ ಮೇಸ್ತ್ರಿ. ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬೆಟ್ಟದ ನೆತ್ತಿಯ ಕಡೆ ನೋಡಿದರು.

ಮರ ಬೆಳೆಯುವುದು ತುದಿಯಲ್ಲಿ. ಹೊಡೆದ ಮೊಳೆ ಹೊಡೆದ ಎತ್ತರದಲ್ಲೇ ನಿಲ್ಲುತ್ತದೆ, ಮರ ದಪ್ಪವಾಗುತ್ತಾ ಅದನ್ನು ನುಂಗುತ್ತದೆ. ಇಪ್ಪತ್ತು ವರ್ಷ ಕಾಡಿನಲ್ಲಿ ಸವೆದವರಿಗೂ ಇದು ಗೊತ್ತಿಲ್ಲ. ಅಪ್ಪ ನನಗೆ ಹೇಳಿಕೊಟ್ಟಿದ್ದ. ಹೇಳುವ ಸಮಯ ಅದಲ್ಲ ಎನಿಸಿತು.

ಅಕ್ಟೋಬರ್ 3

ಮರಕ್ಕೆ ಎಷ್ಟು ವಯಸ್ಸಾಗಿತ್ತೆಂದು ಬರೆಯುವುದೂ ನನ್ನ ಕೆಲಸ. ಇವತ್ತು ಶುರು ಮಾಡಿದೆ. ಮೋಟಿನ ಮೇಲೆ ಈಗ ಯಾರೂ ಹತ್ತುವುದಿಲ್ಲ, ಹಲಗೆಯಲ್ಲಿ ಅವನ ಕಲೆ ಇದೆ. ನಾನು ಹತ್ತಿದೆ. ರೀತಿ ಅಪ್ಪನದೇ: ತೊಗಟೆಯಿಂದ ಒಳಕ್ಕೆ ಒಂದು ಗೆರೆ ಎಳೆದು, ಅದರ ಗುಂಟ ಹತ್ತು ಉಂಗುರಕ್ಕೊಂದು ಗುಂಡುಪಿನ್ನು ಚುಚ್ಚುವುದು. ಗೆರೆ ಕಪ್ಪು ಗೀರಿನ ಪಕ್ಕದಲ್ಲೇ ಹೋಗುವಂತೆ ಎಳೆದೆ. ಅಲ್ಲಿ ಮರ ನುಣುಪಾಗಿತ್ತು, ಬೇರೆ ಕಾರಣವಿಲ್ಲ.

ಗೀರಿನ ಬಾಯಿಯ ಮೇಲೆ ಮರ ಮುಚ್ಚಿಕೊಂಡಿದೆ. ತೂತು ಇಲ್ಲ, ಅಂಟು ಮೆತ್ತಿದ್ದಿಲ್ಲ. ಮೂರು ಪಿನ್ನು, ಆಮೇಲೆ ಒಂದು ಉಂಗುರ.

ಮೂವತ್ತೊಂದು.

ಮತ್ತೆ ಎಣಿಸಿದೆ. ಮೂವತ್ತೊಂದು. ಗೋಪುರದವನು ಹುಟ್ಟುವುದಕ್ಕೆ ಮೂರು ವರ್ಷ ಮೊದಲು.

ಬೆಳಕು ಸರಿಯಿರಲಿಲ್ಲ. ಪೂರ್ತಿ ಎಣಿಕೆ ಮುಗಿಯದೆ ಒಂದು ಭಾಗದ ಅಂಕಿ ಹೇಳುವುದು ಪದ್ಧತಿಯಲ್ಲ.

ಅಕ್ಟೋಬರ್ 4

ಕಂಪನಿಯಿಂದ ಫೋನ್ ಬಂತು. ಹನ್ನೊಂದನೇ ತಾರೀಕು ವಿಚಾರಣೆಗೆ ಸಾಹೇಬರೊಬ್ಬರು ಬರುತ್ತಾರೆ. ಕೋಲು ಆಡಿಸಿದ್ದಿರಾ ಎಂದು ಕೇಳಿದರು. ಆಡಿಸಿದ್ದೆ ಎಂದೆ.

ಸಂಜೆ ನಾಲ್ಕಕ್ಕೆ ಏಳು ಜನ ಗೋಪುರದ ಕಡೆ ಹೊರಟರು. ಯಾರೂ ಮಿತಿ ಮೀರದಂತೆ ನೋಡಲು ನಾನೂ ಹೋದೆ. ಅವನ ನೀರಿನ ಡ್ರಮ್ಮು ಒಡೆದರು, ಕಟ್ಟಿಗೆ ಚೆಲ್ಲಾಪಿಲ್ಲಿ ಮಾಡಿದರು, ಕಲ್ಲು ತೂರಿ ನಾಲ್ಕು ಕಡೆಯ ಗಾಜನ್ನೂ ಪುಡಿ ಮಾಡಿದರು. ಅವನು ಒಳಗೇ ಕೂತಿದ್ದ. ಕಿಟಕಿಯಲ್ಲಿ ಒಮ್ಮೆ ಮುಖ ಕಾಣಿಸಿತು, ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಮೇಲಿನಿಂದ ಕೂಗಿ ಹೇಳಿದ: "ನಾನು ಬಾಯಲ್ಲಿ ಅಂದಿದ್ದು ನಿಜ ಕಣ್ರೋ, ಕೈಯಲ್ಲಿ ಏನೂ ಮಾಡಿಲ್ಲ."

"ಹಾಗಾದ್ರೆ ಬಾಯಿಗೂ ಕೈಗೂ ಬೇರೆ ಬೇರೆ ಕೊಡೋಣ," ಎಂದ ಕುಳ್ಳ. ಜನ ನಕ್ಕರು.

ಗಾಜು ಮೂವತ್ತಾರು ಚೌಕ ಇತ್ತು. ಒಂದು ಉಳಿದಿತ್ತು. ಅದಕ್ಕೆ ಕಲ್ಲು ತೂರಿದ್ದು ಯಾರೆಂದು ನೋಡಲಿಲ್ಲ. ನನ್ನ ಭುಜ ನೋಯುತ್ತಿದೆ.

ಅಕ್ಟೋಬರ್ 6

ಎಣಿಕೆ ನೂರ ಎಂಬತ್ತಕ್ಕೆ ಬಂತು. ಅರವತ್ತನಾಲ್ಕನೆಯ ಉಂಗುರದಲ್ಲಿ ಬೆಂಕಿ. ಕೆಳಗಡೆಯ ಮೈ ಇದ್ದಿಲಾಗಿ, ಆ ಇದ್ದಿಲನ್ನು ಎರಡೂ ಪಕ್ಕದಿಂದ ತುಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿದೆ. ನೂರ ಹದಿನೆಂಟರಿಂದ ನೂರ ಇಪ್ಪತ್ತಾರು, ಕೂದಲೆಳೆಯಂಥ ಉಂಗುರಗಳು; ಒಂಬತ್ತು ವರ್ಷ ನೀರೇ ಸಿಕ್ಕಿಲ್ಲ. ನೂರ ಎಪ್ಪತ್ತೊಂದರಲ್ಲಿ ಸಿಡಿಲು ಉದ್ದಕ್ಕೆ ಸೀಳಿದೆ. ಮರಕ್ಕೆ ಗಾಯ ಮಾಯುವುದಿಲ್ಲ, ಅಪ್ಪ ಹೇಳುತ್ತಿದ್ದ; ಅದರ ಮೇಲೆ ಬೆಳೆದುಬಿಡುತ್ತದೆ ಅಷ್ಟೇ. ಒಳಗೆ ಗಾಯ ಗಾಯವಾಗಿಯೇ ಇರುತ್ತದೆ.

ಇವತ್ತು ನಿದ್ದೆ ಚೆನ್ನಾಗಿ ಬರುವಂತಿದೆ.

ಅಕ್ಟೋಬರ್ 8

ಬೆಳಗ್ಗೆ ಹತ್ತಕ್ಕೆ ಗೋಪುರದವನು ನನ್ನ ಆಫೀಸಿಗೆ ಬಂದ. ಹುಬ್ಬಿಗೆ ಬಟ್ಟೆ ಕಟ್ಟಿದ್ದ. ಕೂರಲು ಹೇಳಿದೆ, ಕೂರಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಮಾತಾಡಿದ.

"ಅಳತೆಯಕ್ಕ, ನನ್ನ ಮಾತು ಯಾರೂ ಕೇಳಲ್ಲ, ನನ್ನ ಬಾಯಿ ಹಾಗಿದೆ. ನೀವು ಎಣಿಸಿ ಹೇಳಿದ್ರೆ ಕೇಳ್ತಾರೆ. ಮೊಳೆ ಮೇಲೆ ಎಷ್ಟು ಉಂಗುರ ಇದೆ ಅಂತ ಒಂದು ಮಾತು ಹೇಳಿ, ಸಾಕು."

ಎಣಿಕೆ ಮುಗಿದಿಲ್ಲ ಎಂದೆ.

"ಮೊಳೆವರೆಗೆ ಆಗಿರುತ್ತಲ್ಲಾ?"

ದಿಮ್ಮಿಯ ಬುಡದಿಂದ ಕೊಯ್ಯಿಸಿದ ಮೊಳೆಯಿರುವ ಬಿಲ್ಲೆ ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಅವನು ಅದರ ಕಡೆ ಬಗ್ಗಿದ. ನಾನು ಅದರ ಮೇಲೆ ಬಟ್ಟೆ ಹೊದಿಸಿದೆ. ಧೂಳು ಕೂರುತ್ತದೆ. ಅವನು ಬಟ್ಟೆಯನ್ನು ನೋಡಿದ, ಆಮೇಲೆ ನನ್ನನ್ನು. ಬಹಳ ಹೊತ್ತು.

"ನಿಮಗೆ ಗೊತ್ತಿದೆ," ಎಂದ. ಸಿಟ್ಟಿನಿಂದಲ್ಲ, ಏನೋ ಕಳೆದುಕೊಂಡದ್ದು ಸಿಕ್ಕಿತೆಂಬ ಹಾಗೆ.

ಅವನು ಹೊಸಿಲು ದಾಟಿದಾಗ ಕುಳ್ಳ ಮತ್ತು ಇಬ್ಬರು ಕಾಯುತ್ತಿದ್ದರು. ಕುಳ್ಳ ಹಾರೆಯಿಂದ ಮೊದಲು ಮೊಣಕಾಲಿಗೆ ಹೊಡೆದ. ಬಿದ್ದ ಮೇಲೆ ಒಬ್ಬ ಅವನ ಬಲಗೈ ಎಳೆದು ನನ್ನ ಬಾಗಿಲ ಮೆಟ್ಟಿಲಿನ ಮೇಲಿಟ್ಟ, ಇನ್ನೊಬ್ಬ ಮಣಿಕಟ್ಟು ತುಳಿದು ಹಿಡಿದ. ಹಾರೆ ನಾಲ್ಕು ಸಲ ಇಳಿಯಿತು. ಒಣಗಿದ ಪುಳ್ಳೆ ಮುರಿಯುವ ಸದ್ದಲ್ಲ ಅದು. ಹಸಿ ಕೊಂಬೆಯದು. ಅವನು ಕೂಗಿದ್ದು ಮೊದಲನೆಯ ಏಟಿಗೆ ಮಾತ್ರ.

ನಾನು ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಪೆನ್ಸಿಲ್ ಇತ್ತು. ಸಾಕು ಎಂದೆ. ಎಂದೆ ಎಂದುಕೊಂಡಿದ್ದೇನೆ. ಕುಳ್ಳ ನನ್ನ ಕಡೆ ತಿರುಗಿ, "ನಿಮ್ಮ ತಮ್ಮನ ಲೆಕ್ಕಕ್ಕೆ ಹಾಕ್ಕೊಳ್ಳಿ ಅಕ್ಕಾ," ಎಂದು ಹಾರೆ ಒರೆಸಿದ.

ಮೆಟ್ಟಿಲು ತೊಳೆಸಿದೆ.

ಅಕ್ಟೋಬರ್ 9

ಇನ್ನೂರ ಎಂಬತ್ತೆಂಟು. ಇಲ್ಲಿ ಕೊಡಲಿಯ ಗಾಯ. ಯಾರೋ ಕಡಿಯಲು ಶುರು ಮಾಡಿ ಅಂಗೈ ಉದ್ದ ಒಳಗೆ ಹೋಗಿ ಬಿಟ್ಟುಬಿಟ್ಟಿದ್ದಾರೆ. ಯಾಕೆ ಬಿಟ್ಟರೋ. ಕೊಡಲಿ ಮುರಿಯಿತೋ, ಮಳೆ ಬಂತೋ, ಯಾರಾದರೂ ಕರೆದರೋ. ಒಬ್ಬನ ಮನಸ್ಸು ಬದಲಾದದ್ದಕ್ಕೆ ಇನ್ನೂರ ಎಂಬತ್ತೆಂಟು ವರ್ಷ ಹೆಚ್ಚಿಗೆ ಬದುಕಿತು.

ಈ ಪುಸ್ತಕದ ಹಿಂದಿನ ಪುಟ ತಿರುವಿದೆ. ಇಪ್ಪತ್ತೊಂಬತ್ತನೇ ತಾರೀಕು ಬ್ಯಾಟರಿ ಸತ್ತಿತ್ತೆಂದು ಬರೆದಿದ್ದೇನೆ. ಆ ದಿನ ತುಂಬ ದಣಿದಿದ್ದೆ. ಅದು ಹಿಂದಿನ ವಾರದ ಮಾತಿರಬಹುದು. ಕೋಲು ಹಿಡಿದು ಮರ ಸುತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ.

ಅಕ್ಟೋಬರ್ 10

ತಮ್ಮನ ಹೆಂಡತಿ ಬಂದಿದ್ದಳು. ಹತ್ತು ದಿನದಿಂದ ಅವಳು ನಲವತ್ತು ಜನಕ್ಕೆ ಅಡುಗೆ ಮಾಡಿ ಬಡಿಸುತ್ತಿದ್ದಾಳೆ, ಒಂದು ದಿನವೂ ರಜೆ ಕೇಳಿಲ್ಲ. ಅತ್ತದ್ದನ್ನು ನಾನು ನೋಡಿಲ್ಲ. ಅವನ ಅಂಗಿ ತಂದಿದ್ದಳು. ಒಗೆದಿದ್ದಾಳೆ, ಕಾಲರಿನ ಕಲೆ ಹೋಗಿಲ್ಲ.

"ಅಕ್ಕಾ, ಆ ಹುಡುಗನ ಕೈ ಇನ್ನು ಸರಿ ಆಗಲ್ವಂತೆ," ಎಂದಳು. ಆಮೇಲೆ, "ಅದು ಹೊಸ ಮೊಳೆ ತಾನೇ?"

"ಹೊಸದು."

"ನೀವು ಎಣಿಸಿದ್ರಾ?"

"ಎಣಿಸಿದೆ."

ಅಂಗಿಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು, ನೀವು ಹೇಳಿದ್ರೆ ಸರಿ ಎಂದು ಹೋದಳು.

ನಾಳೆ ಸಾಹೇಬರು ಬರುತ್ತಾರೆ. ಬಿಲ್ಲೆಯಲ್ಲಿ ಮೊಳೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಉಳಿ ತಗೊಂಡು ಅದರ ಮೇಲಿನ ಮರವನ್ನು ಕೆತ್ತಿ ತೆಗೆದೆ. ನಾಲ್ಕು ಸೆಂಟಿಮೀಟರ್. ಚಕ್ಕೆಗಳನ್ನು ಒಲೆಗೆ ಹಾಕಿದೆ. ದೇವದಾರಿನ ವಾಸನೆ ಬಟ್ಟೆಗೆ ಹತ್ತಿತು, ಚಿಕ್ಕಂದಿನ ಯಾವುದೋ ಮಧ್ಯಾಹ್ನದ ವಾಸನೆ. ಅಮ್ಮ ಎಲ್ಲೋ ತೊಗಟೆ ಸುಲಿಯುತ್ತಿದ್ದಾಳೆ. ನನ್ನ ಕೈಯಲ್ಲಿ ಹಗ್ಗ. ಇಷ್ಟೇ. ಮುಂದಕ್ಕೆ ಹೋಗಲಿಲ್ಲ.

ಮಾದರಿ ಈಗ ಶುಚಿಯಾಗಿದೆ.

ಅಕ್ಟೋಬರ್ 11

ಸಾಹೇಬರು ಒಳ್ಳೆಯವರು, ಅವಸರದಲ್ಲಿದ್ದರು. ಬಿಲ್ಲೆ ನೋಡಿದರು, ಮೋಟು ನೋಡಲು ಏಣಿಯ ಹತ್ತಿರ ಹೋಗಿ ಹಲಗೆಯ ಕಲೆ ಕಂಡು ಹಿಂದೆ ಬಂದರು. ಗೋಪುರದವನನ್ನು ಹದಿನೆಂಟಕ್ಕೆ ಪೊಲೀಸರ ಜೊತೆ ಬಂದು ವಿಚಾರಿಸುತ್ತೇವೆ, ಅಲ್ಲಿಯತನಕ ಯಾರೂ ಅವನ ತಂಟೆಗೆ ಹೋಗಬಾರದು ಎಂದರು. ನನ್ನ ದಾಖಲೆಗಳ ಅಚ್ಚುಕಟ್ಟು ಹೊಗಳಿದರು.

ಪೊಲೀಸರು ಎಂಬ ಮಾತು ಕೇಳಿ ಕುಳ್ಳ ಉಗಿದ. ಅವರು ಕರಕೊಂಡು ಹೋಗಿ ಮೂರು ಹೊತ್ತು ಊಟ ಹಾಕುತ್ತಾರೆ ಎಂದ.

ಪೊಲೀಸರು ಬಂದರೆ ಅವನು ಉಂಗುರ ಎಣಿಸಿ ಎಂದೇ ಹೇಳುತ್ತಾನೆ.

ಅಕ್ಟೋಬರ್ 13

ಬರೆಯಬೇಕಾದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮಧ್ಯಾಹ್ನ ಎರಡು ಗಂಟೆ. ಗೋಪುರವನ್ನು ಉರುಳಿಸುವುದೆಂದು ಮಾತಾಯಿತು. ಅವನನ್ನಲ್ಲ, ಗೋಪುರವನ್ನು ಮಾತ್ರ. ಬೆಳಗಿನ ದಿಮ್ಮಿ ಲಾರಿಯಲ್ಲಿ ಕೈ ಕಟ್ಟಿಸಿಕೊಳ್ಳಲು ಕೆಳಗೆ ಹೋಗಿದ್ದಾನೆಂದು ಯಾರೋ ಹೇಳಿದರು. ಯಾರು ಹೇಳಿದ್ದೆಂದು ಈಗ ಯಾರಿಗೂ ನೆನಪಿಲ್ಲ.

ನಾಲ್ಕು ಮರದ ಕಾಲು. ಮೇಸ್ತ್ರಿ ಎಲ್ಲಿ ಕೊಯ್ಯಬೇಕೆಂದು ನನ್ನನ್ನು ಕೇಳಿದ. ಅಡ್ಡಾದಿಡ್ಡಿ ಕೊಯ್ದರೆ ಕೊಯ್ಯುವವನ ಮೇಲೇ ಬೀಳುತ್ತದೆ, ಇನ್ನೊಬ್ಬರ ಜೀವ ಹೋಗುವುದು ಬೇಡ. ಕಣಿವೆಯ ಕಡೆಯ ಎರಡು ಕಾಲುಗಳಿಗೆ ಮೊಣಕಾಲೆತ್ತರದಲ್ಲಿ ನೀಲಿ ಗುರುತು ಹಾಕಿದೆ. ಹಾಕುವ ಮೊದಲು ಮೇಲೆ ಹತ್ತಿ ನೋಡುವುದು ಕ್ರಮ. ಮೆಟ್ಟಿಲು ನಲವತ್ತೆರಡು. ಮೇಸ್ತ್ರಿ ಮೂರು ಸಲ ಕೂಗಿದ, ಉತ್ತರ ಬರಲಿಲ್ಲ. ಗಾಳಿ ಇತ್ತು.

ಕೊಯ್ತ ಹನ್ನೊಂದು ನಿಮಿಷ. ಎರಡನೆಯ ಕಾಲು ಅರ್ಧವಾದಾಗ ಮೇಲೆ ಬಾಗಿಲು ತೆರೆಯಿತು. ಅವನು ಕಾಣಿಸಿದ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ, ಜ್ವರದಿಂದ ಎದ್ದು ಬಂದವನ ಮುಖ. ನನ್ನನ್ನೇ ನೋಡಿದ. ಗರಗಸ ಹಿಡಿದಿದ್ದ ಕುಳ್ಳನೂ ಅವನನ್ನು ನೋಡಿದ. ಗರಗಸ ನಿಲ್ಲಿಸಲು ಸಮಯವಿತ್ತು, ಎಂಟು ಹತ್ತು ಸೆಕೆಂಡು. ಕುಳ್ಳ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ಏನು ಮಾಡಲಿ ಎಂಬಂತೆ. ನಾನು ಗುರುತು ಹಾಕಿದವಳು, ನನ್ನನ್ನೇ ಕೇಳುವುದು ಸಹಜ.

ನಾನು ತಲೆ ಆಡಿಸಲಿಲ್ಲ. ಬೇಡವೆಂದೂ ಅನ್ನಲಿಲ್ಲ.

ಗೋಪುರ ಗುರುತಿಟ್ಟ ಕಡೆಗೇ ನೇರವಾಗಿ ಬಿತ್ತು. ಅವನು ಬಾಗಿಲ ಚೌಕಟ್ಟಿನ ಸಮೇತ ಬಂಡೆಗೆ ಬಡಿದ. ತೊಲೆಯೊಂದು ಎದೆಯ ಮೇಲಿತ್ತು. ಎತ್ತಲು ಆರು ಜನ ಬೇಕಿತ್ತು, ಎತ್ತಲು ಬಂದದ್ದು ಮೂವರು. ಉಸಿರಾಡಲು ಒಂದು ಗಂಟೆ ನಲವತ್ತು ನಿಮಿಷ ಹೆಣಗಿದ. ಮಧ್ಯೆ ಒಮ್ಮೆ ನೀರು ಕೇಳಿದ. ಅವನ ಡ್ರಮ್ಮು ನಾವೇ ಒಡೆದಿದ್ದೆವು.

ಗಾಳಿಗೆ ಬಿತ್ತು ಎಂದು ಹೇಳುವುದಾಗಿ ಎಲ್ಲರೂ ಒಪ್ಪಿದರು. ವರದಿ ಬರೆದೆ. ಗಾಳಿಯ ವೇಗ ಅಂದಾಜು ಮಾಡಿ ಹಾಕಿದ್ದೇನೆ.

ಅಕ್ಟೋಬರ್ 14

ಕುಳ್ಳ ಶಿಬಿರ ಬಿಟ್ಟು ಹೋದ. ಹೋಗುವಾಗ ಹಾರೆಯನ್ನು ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಾನೆ.

ಅಕ್ಟೋಬರ್ 16

ತಿರುಳು ಮುಟ್ಟಿದೆ. ಐನೂರ ಎಂಬತ್ತಮೂರು.

ನಾನೂರು ದಾಟಿದ ಮೇಲೆ ಒಂದು ಭೂಕುಸಿತ, ಮರ ವಾಲಿ, ನೆಟ್ಟಗಾಗಲು ಮೂವತ್ತು ವರ್ಷ ಒಂದೇ ಪಕ್ಕದಲ್ಲಿ ದಪ್ಪ ಬೆಳೆದಿದೆ. ಕೊನೆಯ ಐವತ್ತು ಉಂಗುರ, ಅಂದರೆ ಇದರ ಮೊದಲ ಐವತ್ತು ವರ್ಷ, ದಾರದಷ್ಟು ಸಣ್ಣ. ಯಾವುದೋ ದೊಡ್ಡ ಮರದ ಕತ್ತಲಲ್ಲಿ ಸಾಯದೆ ನಿಂತಿತ್ತು. ಆಮೇಲೆ ಒಮ್ಮೆಗೇ ಬೆರಳಗಲದ ಉಂಗುರಗಳು. ಪಕ್ಕದ್ದು ಬಿತ್ತು, ಬೆಳಕು ಬಂತು. ಎಲ್ಲ ಹೊಸ ಉಂಗುರಕ್ಕೂ ಯಾರದೋ ಬೀಳುವಿಕೆ ಗೊಬ್ಬರ.

ಪಿನ್ನುಗಳು ಐವತ್ತೆಂಟು. ಎಲ್ಲ ಮೋಟಿನ ಮೇಲೆ ಹಾಗೇ ಇವೆ. ಕಪ್ಪು ಗೀರೂ ಇದೆ. ಪೊಲೀಸರು ನಾಡಿದ್ದು ಬರುತ್ತಾರೆ. ನಾಳೆ ಅಲ್ಲೂ ಸ್ವಲ್ಪ ಶುಚಿ ಮಾಡಬೇಕು.

ಅಕ್ಟೋಬರ್ 17

ಉಳಿ, ಸುತ್ತಿಗೆ ಹಿಡಿದು ಬೆಳಗ್ಗೆ ಏಣಿ ಹತ್ತಿದೆ. ಮೋಟಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಅವನ ಕಲೆಯ ಪಕ್ಕದಲ್ಲೇ, ಕಾಲು ಮಡಚಿ, ನೆಲ ಸಾರಿಸುವವಳ ಹಾಗೆ ಬಗ್ಗಿ ಪಿನ್ನುಗಳನ್ನು ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಒಂದು ಪಿನ್ನಿಗೆ ಹತ್ತು ಅಲ್ವಾ?"

ಹೌದೆಂದೆ.

ತೊಗಟೆಯಿಂದ ಶುರುಮಾಡಿ ಬೆರಳಿಟ್ಟು ಎಣಿಸಿದಳು. ಹತ್ತು, ಇಪ್ಪತ್ತು, ಮೂವತ್ತು. ಉಗುರನ್ನು ಗೀರಿನ ಬಾಯಿಗೆ ಊರಿದಳು. "ಮೂವತ್ತೊಂದು. ಮೂರು ಸಲ ಎಣಿಸಿದೆ, ನೀವು ಹೇಳ್ಕೊಟ್ಟ ಹಾಗೇ ಮೂರು ಸಲ." ಉಗುರು ಅಲ್ಲೇ ಇತ್ತು. "ಅವರಿಗೂ ಮೂವತ್ತೊಂದೇ ಆಗಿತ್ತು."

ನಾನು ಏಣಿಯಿಂದ ಮೋಟಿನ ಮೇಲೆ ಕಾಲಿಟ್ಟೆ.

"ಅತ್ತೆ ಹೇಳ್ತಿದ್ರು. ಶಿಬಿರದಲ್ಲಿ ಜೋಲಿ ಕಟ್ಟೋಕೆ ಜಾಗ ಇರಲಿಲ್ಲ, ಕೊಂಬೆ ಎಲ್ಲಾ ಮೇಲೆ. ಮಾವ ದೊಡ್ಡ ಮರಕ್ಕೆ ಕೊಕ್ಕೆ ಹೊಡೆದು ಕಟ್ಟಿದ್ರು, ತೂಗೋದು ಅಕ್ಕನ ಕೆಲಸ ಅಂತ. ಯಾವ ಮರ ಅಂತ ನಾನು ಕೇಳಿರಲಿಲ್ಲ." ಆಗ ಮುಖ ಎತ್ತಿದಳು. "ನಿಮಗೆ ಗೊತ್ತಿತ್ತಾ ಅಕ್ಕಾ?"

ಇಳಿಜಾರಿನ ಕಡೆಯ ಮೈ. ಮುಳ್ಳಿರಲಿಲ್ಲ ಆಗ. ಅಪ್ಪ, ಗಟ್ಟಿಯಾಗಿ ಹಿಡ್ಕೋ, ಕಣ್ಣು ಮುಚ್ಚಬೇಡ, ಅಲುಗಾಡಿದ್ರೆ ನಿನ್ನ ಬೆರಳಿಗೇ ಏಟು ಎಂದ. ಎರಡೂ ಕೈಯಲ್ಲಿ ಕೊಕ್ಕೆಮೊಳೆ ಹಿಡಿದುಕೊಂಡವಳು ನಾನು. ಒಂಬತ್ತು ಏಟು, ವರ್ಷಕ್ಕೊಂದರಂತೆ ಎಂದು ನಾನೇ ಎಣಿಸಿದ್ದೆ. ಆರು ತಿಂಗಳು ಹಗ್ಗ ಎಳೆದಿದ್ದೆ. ನಾಲ್ಕನೆಯ ಕಡೆ ಯಾಕೆ ತಟ್ಟಲಿಲ್ಲ ಎಂದು ಇಷ್ಟು ದಿನ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

"ಗೊತ್ತಿತ್ತು," ಎಂದೆ. "ಕೋಲು ಆಡಿಸಿರಲಿಲ್ಲ. ಬ್ಯಾಟರಿ ಸತ್ತಿತ್ತು."

ಅವಳು ಕೂಗಾಡಲಿಲ್ಲ. ಕೈ ಚಾಚಿದಳು. ಉಳಿ ಕೊಟ್ಟೆ, ಸುತ್ತಿಗೆ ಕೊಟ್ಟೆ.

"ಈ ತುಂಡು ಕಿತ್ತು ಪೊಲೀಸರಿಗೆ ಕೊಡ್ತೀನಿ. ಇಲ್ಲೇ ಬಿಟ್ರೆ ನೀವು ಉಳಿಸಲ್ಲ. ಮೂವತ್ತೊಂದು ಉಂಗುರ, ಪಿನ್ನು, ಗೀರು, ಎಲ್ಲ ಒಟ್ಟಿಗೇ ಬರ್ಬೇಕು. ಒಬ್ಬಳಿಗೆ ಆಗಲ್ಲ. ಉಳಿ ನೀವು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಮಂಡಿಯೂರಿ, ಎರಡೂ ಕೈಯಲ್ಲಿ, ಅಲುಗಾಡದ ಹಾಗೆ. ಮೊದಲ ಏಟು ಉಳಿಗೆ ಬಿತ್ತು. ಎರಡನೆಯದೂ. ಮೂರನೆಯದು ನನ್ನ ಬಲಗೈ ಬೆರಳುಗಳ ಮೇಲೆ. ಅವಳು ನಿಲ್ಲಿಸಲಿಲ್ಲ. ನಾನೂ ಕೈ ತೆಗೆಯಲಿಲ್ಲ. ಮರದ ಅಂಟು, ಹಳೆಯ ತುಕ್ಕು, ಹೊಸ ರಕ್ತ ಎಲ್ಲ ಗೀರಿನ ಗುಂಟ ಒಳಕ್ಕೆ ಹರಿಯುತ್ತಿದ್ದವು. ಒಮ್ಮೆ ಉಳಿಗೆ, ಒಮ್ಮೆ ನನಗೆ. ತುಂಡು ಬಿಟ್ಟುಕೊಳ್ಳುವ ತನಕ.

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ತುಂಡು ಅವಳ ಅಡುಗೆಮನೆಯಲ್ಲಿದೆ, ತಮ್ಮನ ಅಂಗಿಯಲ್ಲಿ ಸುತ್ತಿಟ್ಟಿದ್ದಾಳೆ. ಈ ಪುಸ್ತಕವನ್ನೂ ಅದರ ಜೊತೆಗೇ ಇಡಲು ಹೇಳಿದ್ದೇನೆ.

ಎಷ್ಟು ಏಟು ಬಿತ್ತೆಂದು ಎಣಿಸಲಿಲ್ಲ.